ದೀಕ್ಷಿತರ ಕೃತಿ ಇಷ್ಟು ನಿಧಾನ ಯಾಕೆ, ಭಾವ ಎಲ್ಲಿದೆ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಹಿಂದೂಸ್ತಾನಿ ಕೇಳಿ ಬೆಳೆದವಳು. ಈಗ ಮಗಳು ಕರ್ನಾಟಕ ಸಂಗೀತ ಕಲೀತಿದಾಳೆ, ಸೀನಿಯರ್ ಮುಗಿದು ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು ಶುರುವಾಗಿವೆ. ತ್ಯಾಗರಾಜರದು ಕೇಳಿದ ತಕ್ಷಣ ಮನಸ್ಸಿಗೆ ಹತ್ತುತ್ತೆ. ದೀಕ್ಷಿತರದು ತುಂಬಾ ನಿಧಾನ, ಸಾಹಿತ್ಯ ನೋಡಿದ್ರೆ ಬರೀ ಊರು, ದೇವರ ಹೆಸರು, ವಿಶೇಷಣ, ದೇವರ ಅಡ್ರೆಸ್ ಬರೆದ ಹಾಗಿದೆ. ಭಾವ ಎಲ್ಲಿದೆ? ಇನ್ನೆರಡು ಸಂದೇಹ: ಇಂಗ್ಲಿಷ್ ಬ್ಯಾಂಡಿನ ಟ್ಯೂನಿಗೆ ಅವರು ಹಾಡು ಬರೆದಿದ್ದು ನಿಜವಾ? ವಾತಾಪಿ ಗಣಪತಿ ನಮ್ಮ ಬಾದಾಮಿಯವನಾ?

ಉತ್ತರ: ದೇವರ ಅಡ್ರೆಸ್ ಅಂದಿದ್ದು ಓದಿ ನಕ್ಕುಬಿಟ್ಟೆ ಮೇಡಂ. ನೀವು ದೂರು ಅಂತ ಹೇಳಿದೀರಿ, ಆದ್ರೆ ದೀಕ್ಷಿತರ ಬಗ್ಗೆ ಇಷ್ಟು ಸರಿಯಾದ ಮಾತು ನಮ್ಮಂಥ ಪಾಠ ಹೇಳೋರೂ ಹೇಳಲ್ಲ. ಅವರು ನಿಜವಾಗ್ಲೂ ಅಡ್ರೆಸ್ಸೇ ಬರೀತಿದ್ರು. ತ್ಯಾಗರಾಜರು ಹೆಚ್ಚುಕಮ್ಮಿ ಒಂದೇ ಊರಲ್ಲಿ ಕೂತು ಒಬ್ಬನೇ ರಾಮನ ಜೊತೆ ಜೀವನವಿಡೀ ಮಾತಾಡಿದ್ರು, ಬೇಡಿದ್ರು, ಜಗಳ ಆಡಿದ್ರು, ಮುನಿಸ್ಕೊಂಡ್ರು, ಅದೂ ತೆಲುಗಿನಲ್ಲಿ, ಆಡುಮಾತಿಗೆ ಹತ್ತಿರದ ತೆಲುಗಿನಲ್ಲಿ, ಹಾಗಾಗಿ ನಮಗೆ ಅರ್ಧ ಅರ್ಥ ಆದ್ರೂ ಸಾಕು ಎದೆಗೆ ತಾಗುತ್ತೆ. ದೀಕ್ಷಿತರು ಊರೂರು ತಿರುಗಿದೋರು. ಕಂಚಿ, ಚಿದಂಬರ, ಮಧುರೆ, ಶ್ರೀರಂಗ, ತಿರುವಣ್ಣಾಮಲೈ, ಕಾಳಹಸ್ತಿ, ಹೋದಲ್ಲೆಲ್ಲ ಆ ದೇವಸ್ಥಾನದ ಮುಂದೆ ನಿಂತು ಅಲ್ಲಿ ಏನಿದೆಯೋ ಅದನ್ನ ಸಂಸ್ಕೃತದಲ್ಲಿ ಕಟ್ಟಿದ್ರು.

ಒಂದು ಉದಾಹರಣೆ ಕೊಡ್ತೀನಿ. ಶಂಕರಾಭರಣದಲ್ಲಿ ‘ಅಕ್ಷಯಲಿಂಗ ವಿಭೋ’ ಅಂತ ಕೃತಿ ಇದೆ, ತಿರುವಾರೂರಿನ ಹತ್ತಿರ ಕೀವಳೂರು ಅನ್ನೋ ಸಣ್ಣ ಊರಿನ ಶಿವನ ಮೇಲೆ. ಅದರ ಕೊನೇ ಭಾಗದಲ್ಲಿ ಬದರೀವನ ಬರುತ್ತೆ, ಅಂದ್ರೆ ಎಲಚಿ ಮರದ ಕಾಡು, ಅದು ಆ ಸ್ಥಳದ ಮರ. ಅಲ್ಲಿನ ಅಮ್ಮ ಬರ್ತಾಳೆ, ಭದ್ರಕಾಳಿ ಬರ್ತಾಳೆ, ಆಮೇಲೆ ‘ರಥ ಗಜ ತುರಗ ಪದಾತಿ ಸಂಯುತ ಚೈತ್ರೋತ್ಸವ’ ಅಂತ ತೇರು, ಆನೆ, ಕುದುರೆ, ಕಾಲಾಳು ಸಮೇತ ಚೈತ್ರದ ಜಾತ್ರೆನೇ ಬಂದ್ಬಿಡುತ್ತೆ. ಹಾಡು ಗೊತ್ತಿರೋರು ಆ ಊರಿಗೆ ಮೊದಲ ಸಲ ಹೋದ್ರೂ ಯಾರನ್ನೂ ಕೇಳಬೇಕಾಗಿಲ್ಲ. ಹೀಗಿರೋ ಕೃತಿಗಳು ಅವರದು ನೂರಾರಿವೆ.

ಸರಿ, ಅಡ್ರೆಸ್ ಆಯ್ತು, ಭಾವ ಎಲ್ಲಿ ಅಂತ ನಿಮ್ಮ ಪ್ರಶ್ನೆ. ‘ವಾತಾಪಿ ಗಣಪತಿಂ ಭಜೇಽಹಂ’ ಬರೆದ ಪುಸ್ತಕ ತೆಗೆದು ನೋಡಿ. ಗಣಪತಿಂ, ವಾರಣಾಸ್ಯಂ, ವರಪ್ರದಂ, ಹೀಗೆ ಒಂದರ ಹಿಂದೆ ಒಂದು ದ್ವಿತೀಯಾ ವಿಭಕ್ತಿಯ ಪದಗಳು ಸಾಲಾಗಿ ನಿಂತಿವೆ, ಅಷ್ಟಕ್ಕೂ ಸೇರಿ ಕ್ರಿಯಾಪದ ಒಂದೇ, ಭಜೇ. ಅಂದ್ರೆ ಮಾತಿನ ಲೆಕ್ಕದಲ್ಲಿ ಈ ಮನುಷ್ಯ ‘ಭಜಿಸ್ತೀನಿ’ ಅನ್ನೋದು ಬಿಟ್ಟು ಏನೂ ಹೇಳ್ತಿಲ್ಲ, ಅಳ್ತಿಲ್ಲ, ಬೇಡ್ತಿಲ್ಲ. ಬೇರೆ ಕೃತಿಗಳಲ್ಲೂ ಅಷ್ಟೇ, ಪಾಹಿ, ದೇಹಿ, ಆಶ್ರಯೇ ಅಂತ ಒಂದು ಪುಟ್ಟ ಕ್ರಿಯಾಪದ, ಮಿಕ್ಕಿದ್ದೆಲ್ಲ ಹೆಸರು. ಸಾಹಿತ್ಯದಲ್ಲಿ ಭಾವ ಹುಡುಕಿದ್ರೆ ಸಿಗಲ್ಲ, ಅವರು ಅಲ್ಲಿ ಇಟ್ಟೇ ಇಲ್ಲ, ಅದಿರೋದು ಸ್ವರದಲ್ಲಿ.

ಇದು ನಿಮಗೆ ಹೊಸದಲ್ಲ ಅಂತ ನನ್ನ ವಾದ. ನೀವು ಬಡಾ ಖಯಾಲ್ ಕೇಳ್ತೀರಲ್ಲ, ಎರಡು ಸಾಲು ಬಂದಿಶ್, ನಲವತ್ತು ನಿಮಿಷ ಹಾಡು, ಆ ಎರಡು ಸಾಲೂ ಎಷ್ಟೋ ಸಲ ಅತ್ತೆ ನಾದಿನಿ ಕಾಟ ಅಂತಲೋ ಪಿಯಾ ಬರ್ಲಿಲ್ಲ ಅಂತಲೋ ಇರುತ್ತೆ, ಅಲ್ಲಿ ಸಾಹಿತ್ಯದಲ್ಲಿ ಭಾವ ಎಲ್ಲಿದೆ ಅಂತ ಯಾವತ್ತಾದ್ರೂ ಕೇಳಿದೀರಾ? ಇಲ್ಲ. ರಾಗ ನಿಧಾನಕ್ಕೆ ಬಿಚ್ಚಿಕೊಳ್ಳೋದನ್ನ ಕಾದು ಕೇಳ್ತೀರಿ. ಅದೇ ಕಿವಿ ದೀಕ್ಷಿತರಿಗೆ ಬೇಕಾಗಿರೋದು. ಕರ್ನಾಟಕ ಸಂಗೀತ ಅಂದ ತಕ್ಷಣ ನೀವು ಆ ಕಿವಿ ತೆಗೆದಿಟ್ಟು ತ್ಯಾಗರಾಜರಿಗೆ ಬೇಕಾದ ಕಿವಿ ಹಾಕ್ಕೊಂಡು ಕೂತಿದೀರಿ, ತೊಂದರೆ ಅಷ್ಟೇ.

ಈಗ ನಿಧಾನದ ವಿಷಯ. ಇದಕ್ಕೆ ಅವರ ಜೀವನ ಸ್ವಲ್ಪ ಗೊತ್ತಿರಬೇಕು. ಹುಟ್ಟಿದ್ದು 1775ರಲ್ಲಿ ತಿರುವಾರೂರಿನಲ್ಲಿ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳು ಅಂತಾರಲ್ಲ, ಅವರಲ್ಲಿ ಮಿಕ್ಕ ಇಬ್ಬರು, ಶ್ಯಾಮಾಶಾಸ್ತ್ರಿಗಳು 1762, ತ್ಯಾಗರಾಜರು 1767, ಅವರೂ ಅದೇ ಊರಲ್ಲೇ ಹುಟ್ಟಿದ್ದು, ಹದಿಮೂರು ವರ್ಷದಲ್ಲಿ ಒಂದೇ ಊರಲ್ಲಿ ಮೂರು ಜನ, ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ತಲೆ ಗಿರ್ ಅನ್ನುತ್ತೆ. ತಂದೆ ರಾಮಸ್ವಾಮಿ ದೀಕ್ಷಿತರೂ ದೊಡ್ಡ ವಾಗ್ಗೇಯಕಾರರೇ, ಹಂಸಧ್ವನಿ ರಾಗ ಅವರ ಸೃಷ್ಟಿ ಅಂತ ಸಂಪ್ರದಾಯ ಹೇಳುತ್ತೆ, ಮಗ ಅದೇ ರಾಗದಲ್ಲಿ ವಾತಾಪಿ ಮಾಡಿ ಅಪ್ಪನ ರಾಗಾನ ಮನೆಮನೆಗೆ ತಲುಪಿಸಿದ. ಆ ಮನೆತನದ ಪಾಠ ವೆಂಕಟಮಖಿ ಪರಂಪರೆಯದು. ವೆಂಕಟಮಖಿ ಅಂದ್ರೆ 72 ಮೇಳಗಳ, ಅಂದ್ರೆ ಮೂಲ ರಾಗಗಳ, ಲೆಕ್ಕ ಹಾಕಿದೋರು, ಅವರಪ್ಪ ಗೋವಿಂದ ದೀಕ್ಷಿತರು ತಂಜಾವೂರು ನಾಯಕರ ಮಂತ್ರಿ, ಮೂಲತಃ ಕನ್ನಡಿಗರು. ಇದರಿಂದಾಗಿ ದೀಕ್ಷಿತರ ಕೃತಿಗಳಲ್ಲಿ ಕೆಲವು ಮೇಳಗಳ ಹೆಸರೇ ಬೇರೆ, ನಾವು ಕೀರವಾಣಿ ಅನ್ನೋದಕ್ಕೆ ಅಲ್ಲಿ ಕಿರಣಾವಳಿ, ಸಿಂಹೇಂದ್ರಮಧ್ಯಮಕ್ಕೆ ಸುಮದ್ಯುತಿ. ಮಗಳು ಮುಂದೆ ಗೊಂದಲ ಆಗ್ದೇ ಇರ್ಲಿ ಅಂತ ಹೇಳ್ದೆ.

ಚಿದಂಬರನಾಥ ಯೋಗಿ ಅನ್ನೋ ಗುರು ಈ ಹುಡುಗನ್ನ ಕಾಶಿಗೆ ಕರ್ಕೊಂಡು ಹೋದ್ರು. ಐದಾರು ವರ್ಷ ಅಲ್ಲಿದ್ದು ವೇದಾಂತ, ಶ್ರೀವಿದ್ಯೆ ಅನ್ನೋ ದೇವಿ ಉಪಾಸನೆ, ಜೊತೆಗೆ ಅಲ್ಲಿನ ಸಂಗೀತ, ಮುಖ್ಯವಾಗಿ ಧ್ರುಪದ್ ಕಿವಿಗೆ ಬಿದ್ದಿರಬೇಕು ಅಂತಾರೆ. ಗಂಗೆಯಲ್ಲಿ ಮುಳುಗಿ ಎದ್ದಾಗ ಕೈಗೆ ವೀಣೆ ಸಿಕ್ತು, ಅದರ ತುದಿಯ ಯಾಳಿಮುಖ, ಅಂದ್ರೆ ಸಿಂಹದಂಥ ಪ್ರಾಣಿಯ ಮುಖ, ಮೇಲಕ್ಕೆ ತಿರುಗಿತ್ತು, ದೇವನಾಗರಿಯಲ್ಲಿ ರಾಮ ಅಂತ ಇತ್ತು ಅನ್ನೋ ಕಥೆ ಇದೆ. ಕಥೆ ನಂಬೋದು ಬಿಡೋದು ನಿಮ್ಮಿಷ್ಟ, ಅವರು ವೈಣಿಕರು ಅನ್ನೋದು ಮಾತ್ರ ಕೃತಿಗಳೇ ಹೇಳ್ತವೆ. ಭೈರವಿಯ ‘ಬಾಲಗೋಪಾಲ’ದಲ್ಲಿ ‘ವೈಣಿಕ ಗಾಯಕ ಗುರುಗುಹನುತ’ ಅಂತ ತಮ್ಮನ್ನೇ ಸೇರಿಸ್ಕೊಂಡಿದಾರೆ. ಗುರುಗುಹ ಅನ್ನೋದು ಅವರ ಅಂಕಿತ, ಹೆಚ್ಚುಕಮ್ಮಿ ಎಲ್ಲಾ ಕೃತಿಯಲ್ಲೂ ಸಿಗುತ್ತೆ, ತಿರುತ್ತಣಿಯ ಸುಬ್ರಹ್ಮಣ್ಯ ಬಾಯಲ್ಲಿ ಕಲ್ಲುಸಕ್ಕರೆ ಹಾಕಿದ ಮೇಲೆ ಹಾಡು ಬಂತು ಅಂತ ಇನ್ನೊಂದು ಕಥೆ.

ನಾನು ವೀಣೆ ನುಡಿಸೋಳು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ ಬೇಜಾರಾಗ್ಬೇಡಿ. ವೀಣೆಯಲ್ಲಿ ಒಂದು ಸಲ ತಂತಿ ಮೀಟಿದ್ರೆ ನಾದ ಆ ಕ್ಷಣದಿಂದಲೇ ಇಳಿಯೋಕೆ ಶುರು. ಹಾಡೋರಿಗೆ ಉಸಿರಿದೆ, ಪಿಟೀಲಿಗೆ ಬಿಲ್ಲಿದೆ, ಎಷ್ಟು ಹೊತ್ತು ಬೇಕಾದ್ರೂ ಸ್ವರ ಹಿಡೀಬಹುದು, ನಮಗಿರೋದು ಮೀಟಿದಾಗ ಹುಟ್ಟಿದ ಅಷ್ಟು ನಾದ ಮಾತ್ರ. ಹಾಗಾಗಿ ವೈಣಿಕ ಏನ್ಮಾಡ್ತಾನೆ, ಒಂದು ಮೆಟ್ಟಿಲ ಮೇಲೆ ಮೀಟಿ, ಬೆರಳಿಂದ ತಂತಿನ ಪಕ್ಕಕ್ಕೆ ಎಳೆದು, ಅದೇ ನಾದದಲ್ಲಿ ಮುಂದಿನ ಸ್ವರ ಮುಟ್ಟಿಸಿ, ಅರೆ ಕ್ಷಣ ನಿಲ್ಲಿಸಿ, ವಾಪಸ್ ತರ್ತಾನೆ. ಕೈ ಒಂದು ಸಲ ಮೀಟಿದೆ, ಕಿವಿಗೆ ಮೂರು ನಾಲ್ಕು ಸ್ವರ ಕೇಳಿಸಿದೆ, ಅದರಲ್ಲೂ ಕೊನೇದು ಇದೆಯೋ ಇಲ್ವೋ ಅನ್ನೋ ಹಾಗೆ. ಇದನ್ನ ಅವಸರದಲ್ಲಿ ಮಾಡೋಕಾಗಲ್ಲ, ಅವಸರ ಮಾಡಿದ್ರೆ ಎಳೆಯೋಕೆ ಮುಂಚೆ ಮುಂದಿನ ಅಕ್ಷರ ಬಂದು ನಿಂತಿರುತ್ತೆ. ದೀಕ್ಷಿತರ ಕೃತಿಯಲ್ಲಿ ಅಕ್ಷರಗಳ ಮಧ್ಯ ಅಷ್ಟಷ್ಟು ಜಾಗ ಇರೋದು ಇದಕ್ಕೆ. ನಿಮ್ಮ ಮಗಳು ಆ ಜಾಗವನ್ನ ಬರೀ ‘ಆಆಆ’ ಅಂತ ಎಳೀತಿದ್ರೆ ಬೋರ್ ಆಗೇ ಆಗುತ್ತೆ, ತಪ್ಪು ನಿಮ್ಮದಲ್ಲ. ಆ ಜಾಗದಲ್ಲಿ ಗಮಕ, ಅಂದ್ರೆ ಸ್ವರನ ಹೀಗೆ ಎಳೆದು ತೂಗೋದು, ಇರಬೇಕು.

ನನ್ನ ಗುರುಗಳು ನನಗೆ ಕಲಿಸುವಾಗ ‘ಮೀನಾಕ್ಷಿ ಮೇ ಮುದಂ’ ಪಲ್ಲವಿಗೇ ಮೂರು ವಾರ ತಗೊಂಡ್ರು. ನಾನು ಒಳಗೊಳಗೇ ಬೈಕೊಂಡಿದ್ದೆ, ಯಾಕಂದ್ರೆ ಪಕ್ಕದ ಮನೆ ಹುಡುಗಿ ಬೇರೆ ಕಡೆ ಅದೇ ಮೂರು ವಾರದಲ್ಲಿ ಎರಡು ಕೃತಿ ಕಲ್ತಿದ್ಲು. ನಾಲ್ಕನೇ ವಾರ ‘ಮೇ’ ಅಂತ ಮೀಟಿ ತಂತಿ ಎಳೆದಾಗ ಅವರು ಮೊದಲ ಸಲ ತಲೆ ಆಡಿಸಿದ್ರು. ಆ ರಾಗಕ್ಕೆ ದೀಕ್ಷಿತರ ಪದ್ಧತಿಯಲ್ಲಿ ಗಮಕಕ್ರಿಯ ಅಂತ ಹೆಸರು, ಈಗ ನಾವು ಪೂರ್ವಿಕಲ್ಯಾಣಿ ಅಂತ ಹಾಡ್ತೀವಿ. ಚರಣದಲ್ಲಿ ಮೀನಾಕ್ಷಿಯನ್ನ ‘ವೀಣಾಗಾನ ದಶಗಮಕಕ್ರಿಯೇ’ ಅಂತ ಕರೀತಾರೆ, ವೀಣೆಯಲ್ಲಿ ಹತ್ತು ಗಮಕ ನುಡಿಸೋಳೇ ಅಂತ, ಅದರೊಳಗೇ ರಾಗದ ಹೆಸರು ಕೂತಿದೆ, ಹಾಡಬೇಕಾದ ರೀತಿನೂ ಕೂತಿದೆ. ಕಸುಬು ಅಂದ್ರೆ ಇದು.

ಇನ್ನೊಂದು ಮಾತು, ಅವರ ಕೃತಿ ಪೂರ್ತಿ ನಿಧಾನವೂ ಅಲ್ಲ. ಚೌಕಕಾಲದಲ್ಲಿ ಆನೆ ನಡಿಗೆ ಹಾಗೆ ಹೋಗ್ತಾ ಇದ್ದು ಅನುಪಲ್ಲವಿ ಅಥವಾ ಚರಣದ ಕೊನೆಗೆ ತಾಳ ಅಷ್ಟೇ ಇರುತ್ತೆ, ಸಾಹಿತ್ಯ ಮಾತ್ರ ಎರಡು ಪಟ್ಟು ಒತ್ತಾಗಿ ಬರುತ್ತೆ, ಇದಕ್ಕೆ ಮಧ್ಯಮಕಾಲ ಅಂತಾರೆ. ಮೇಲೆ ಹೇಳಿದ ರಥ ಗಜ ತುರಗ ಬರೋದು ಅಲ್ಲೇ. ತುಂಬಾ ಹೊತ್ತು ಗರ್ಭಗುಡಿಯ ಕತ್ತಲಲ್ಲಿ ನಿಂತಿದ್ದು ಹೊರಗೆ ಬಂದ್ರೆ ತೇರು ಎದುರಿಗೇ. ನಿಧಾನ ಇಲ್ದಿದ್ರೆ ಆ ತಿರುವಿಗೆ ಬೆಲೆನೇ ಇಲ್ಲ. ನೀವು ವಿಲಂಬಿತ್ ಆದ ಮೇಲೆ ದ್ರುತ್‌ಗೆ ಕಾಯ್ತೀರಲ್ಲ, ಇಲ್ಲಿ ಅದು ಕೃತಿಯ ಹೊಟ್ಟೆಯೊಳಗೇ ಇದೆ.

ಅವರ ಪದಗಳ ಆಟ ಒಂದೇ ಒಂದು ತೋರಿಸ್ತೀನಿ. ಆನಂದಭೈರವಿಯಲ್ಲಿ ‘ತ್ಯಾಗರಾಜ ಯೋಗವೈಭವಂ’, ಇದು ತಿರುವಾರೂರಿನ ಶಿವ ತ್ಯಾಗರಾಜಸ್ವಾಮಿ, ಹಾಡುಗಾರ ತ್ಯಾಗರಾಜರಲ್ಲ. ಪಲ್ಲವಿ ಹೀಗೆ ಕರಗುತ್ತೆ: ತ್ಯಾಗರಾಜ ಯೋಗವೈಭವಂ, ಅಗರಾಜ ಯೋಗವೈಭವಂ, ರಾಜಯೋಗವೈಭವಂ, ಯೋಗವೈಭವಂ, ವೈಭವಂ, ಭವಂ, ವಂ. ಹಸುವಿನ ಬಾಲ ತುದಿಗೆ ಹೋಗ್ತಾ ಸಣ್ಣಗಾಗುತ್ತಲ್ಲ, ಅದಕ್ಕೇ ಇದಕ್ಕೆ ಗೋಪುಚ್ಛ ಯತಿ ಅಂತ ಹೆಸರು. ಮಜಾ ಏನಂದ್ರೆ ತುಂಡು ಮಾಡಿದ ಪ್ರತಿಯೊಂದಕ್ಕೂ ಅರ್ಥ ಇದೆ, ಅಗರಾಜ ಅಂದ್ರೆ ಪರ್ವತರಾಜ, ಕೊನೇ ‘ವಂ’ ಬೀಜಾಕ್ಷರ. ಆಮೇಲೆ ಚರಣದಲ್ಲಿ ಉಲ್ಟಾ ಬೆಳೆಸ್ತಾರೆ: ಶಂ, ಪ್ರಕಾಶಂ, ಸ್ವರೂಪಪ್ರಕಾಶಂ, ತತ್ತ್ವಸ್ವರೂಪಪ್ರಕಾಶಂ, ಹೀಗೆ ನದಿ ಅಗಲ ಆದ ಹಾಗೆ, ಅದು ಸ್ರೋತೋವಹ ಯತಿ. ಅದರ ಪಕ್ಕದಲ್ಲೇ ‘ಸಚ್ಚಿದಾನಂದ ಭೈರವೀಶಂ’ ಅಂತ ಬರುತ್ತೆ, ಎರಡು ಪದದ ಸಂದಿಯಲ್ಲಿ ರಾಗದ ಹೆಸರು. ಎಷ್ಟೋ ವರ್ಷ ಹಾಡಿದೋರೂ ಇದನ್ನ ಗಮನಿಸಿರಲ್ಲ, ನಾನಂತೂ ಗಮನಿಸಿರ್ಲಿಲ್ಲ, ಒಬ್ಬ ಶಿಷ್ಯೆ ತೋರಿಸಿದ್ಲು.

ತಿರುವಾರೂರಿನ ದೇವಿ ಕಮಲಾಂಬೆಯ ಮೇಲಿನ ನವಾವರಣ ಕೃತಿಗಳ ವಿಷಯಕ್ಕೆ ಈಗ ಹೋಗಲ್ಲ, ಅದೇ ಒಂದು ವರ್ಷದ ಪಾಠ. ದೇವಿ ಪೂಜೆಯ ಶ್ರೀಚಕ್ರದ ಒಂಬತ್ತು ಆವರಣಕ್ಕೆ, ಅಂದ್ರೆ ಸುತ್ತುಗಳಿಗೆ, ಒಂಬತ್ತು ಕೃತಿ, ಮುಂದೆ ಒಂದು ಧ್ಯಾನ, ಹಿಂದೆ ಒಂದು ಮಂಗಳ, ಸ್ಕೂಲಲ್ಲಿ ರಾಮಃ ರಾಮಂ ರಾಮೇಣ ಅಂತ ಬಾಯಿಪಾಠ ಮಾಡಿದೀವಲ್ಲ ಆ ವಿಭಕ್ತಿಗಳು ಕ್ರಮವಾಗಿ ಕೃತಿಗೊಂದರಂತೆ ಬರ್ತವೆ. ನವರಾತ್ರಿಯಲ್ಲಿ ದಿನಕ್ಕೊಂದು ಹಾಡೋ ಪದ್ಧತಿ ಇದೆ.

ಬ್ಯಾಂಡ್ ವಿಷಯ ನಿಜ. ದೀಕ್ಷಿತರ ಅಪ್ಪ ಮದರಾಸಿನ ಹತ್ತಿರ ಮಣಲಿಯ ಮುದಲಿಯಾರರ ಆಶ್ರಯಕ್ಕೆ ಹೋದಾಗ ಮನೆಯೋರೆಲ್ಲ ಅಲ್ಲಿದ್ರು, ಕೋಟೆಯಲ್ಲಿ ಕಂಪನಿಯವರ ಬ್ಯಾಂಡ್ ಕೇಳೋ ಅವಕಾಶ ಸಿಕ್ತು. ತಮ್ಮ ಬಾಲುಸ್ವಾಮಿ ಪಿಟೀಲು ಕಲಿತಿದ್ದೂ ಆಗಲೇ, ಕರ್ನಾಟಕ ಸಂಗೀತಕ್ಕೆ ಪಿಟೀಲು ಬಂದ ಕಥೆಯಲ್ಲಿ ಮೊದಲ ಹೆಸರು ಅವರದ್ದು. ಅಣ್ಣ ಆ ಟ್ಯೂನುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದ್ರು, ನೊಟ್ಟುಸ್ವರ ಅಂತಾರೆ, ನೋಟ್ ಅನ್ನೋ ಪದಾನೇ ನೊಟ್ಟು ಆಗಿದ್ದು. ಮೂವತ್ತಕ್ಕೂ ಮೇಲೆ ಇವೆ, ಎಲ್ಲಾ ಶಂಕರಾಭರಣದ ಸ್ವರಗಳು, ಗಮಕ ಇಲ್ಲ. ‘ಶ್ಯಾಮಲೇ ಮೀನಾಕ್ಷಿ’ ಹಾಡಿಸಿ ನೋಡಿ, ಟ್ವಿಂಕಲ್ ಟ್ವಿಂಕಲ್ ಅಂತ ಮಕ್ಕಳೇ ಹಿಡೀತಾರೆ. ‘ಸಂತತಂ ಪಾಹಿ ಮಾಂ’ ಅನ್ನೋದು ಬ್ರಿಟಿಷ್ ರಾಜಗೀತೆ ಗಾಡ್ ಸೇವ್ ದ ಕಿಂಗ್ ಟ್ಯೂನು. ರಾಜನಿಗೆ ಹಾಡೋ ಟ್ಯೂನನ್ನ ತಗೊಂಡು ಸಂಗೀತ ಶ್ಯಾಮಲೆಗೆ ಹಾಡಿದ್ರು, ರಾಜನ ಹೆಸರೇ ಇಲ್ಲ. ಅದೇ ಟ್ಯೂನಿಗೆ ಬೀಥೋವನ್ 1803ರ ಹೊತ್ತಿಗೆ ಪಿಯಾನೋದಲ್ಲಿ ಏಳು ವೇರಿಯೇಷನ್ ಬರೆದಿದಾರೆ, ಅವರು ದೀಕ್ಷಿತರಿಗಿಂತ ಐದೇ ವರ್ಷ ದೊಡ್ಡೋರು. ಒಬ್ಬರಿಗೊಬ್ಬರು ಇದ್ದಾರೆ ಅಂತಾನೇ ಗೊತ್ತಿಲ್ಲದೆ ಒಂದೇ ಟ್ಯೂನ್ ಮುಂದಿಟ್ಕೊಂಡು ಕೂತಿದ್ರು.

ಬಾದಾಮಿ ವಿಷಯ ಸ್ವಲ್ಪ ತೊಡಕು. ಜನಪ್ರಿಯ ಕಥೆ ಏನಂದ್ರೆ, 642ರಲ್ಲಿ ಪಲ್ಲವರು ಪುಲಕೇಶಿಯ ವಾತಾಪಿ ಮೇಲೆ ಬಿದ್ದಾಗ ಸೇನಾಪತಿ ಪರಂಜ್ಯೋತಿ ಅಲ್ಲಿನ ಗಣಪತಿಯನ್ನ ಎತ್ಕೊಂಡು ಹೋಗಿ ತನ್ನ ಊರು ತಿರುಚ್ಚೆಂಗಾಟ್ಟಂಗುಡಿಯಲ್ಲಿ ಇಟ್ಟ ಅಂತ. ಯುದ್ಧ ನಡೆದಿದ್ದು ಇತಿಹಾಸ, ಗಣಪತಿ ಹೋಗಿದ್ದಕ್ಕೆ ಆ ಕಾಲದ ಶಾಸನದ ಆಧಾರ ಇಲ್ಲ. ಕೃತಿಯನ್ನೇ ಕೇಳಿದ್ರೆ ಅದು ಬೇರೆ ಹೇಳುತ್ತೆ. ಚರಣದಲ್ಲಿ ‘ಪುರಾ ಕುಂಭಸಂಭವ ಮುನಿವರ ಪ್ರಪೂಜಿತಂ’ ಅಂತ ಇದೆ, ಕುಂಭಸಂಭವ ಅಂದ್ರೆ ಅಗಸ್ತ್ಯ, ವಾತಾಪಿ ಅನ್ನೋ ರಾಕ್ಷಸನ್ನ ಜೀರ್ಣ ಮಾಡ್ಕೊಂಡೋರು. ಅಂದ್ರೆ ದೀಕ್ಷಿತರ ಮನಸ್ಸಲ್ಲಿ ಇದ್ದಿದ್ದು ಪುರಾಣದ ವಾತಾಪಿ, ಚಾಲುಕ್ಯರ ರಾಜಧಾನಿ ಅಲ್ಲ ಅಂತ ನನಗನ್ಸುತ್ತೆ. ಮುಂದೆ ‘ಮೂಲಾಧಾರ ಕ್ಷೇತ್ರಸ್ಥಿತಂ’ ಅಂತಾರೆ, ಮೂಲಾಧಾರ ಕ್ಷೇತ್ರ ಅಂತ ಹೆಸರಿರೋದು ತಿರುವಾರೂರಿಗೆ. ನೋಡಿ, ಅಡ್ರೆಸ್ ಬರೆದಿಟ್ಟಿದ್ದು ಉಪಯೋಗಕ್ಕೆ ಬಂತು. ಬಾದಾಮಿಯವರು ನನ್ನ ಮೇಲೆ ಸಿಟ್ಟಾಗಬಾರದು, ಊರಿನ ಹೆಸರೂ ಅದೇ ರಾಕ್ಷಸನಿಂದ ಬಂದಿದ್ದು ಅಂತಾರಲ್ಲ, ಸಂಬಂಧ ಪೂರ್ತಿ ತಪ್ಪಿಲ್ಲ.

ದುಡ್ಡಿನ ವಿಷಯದಲ್ಲಿ ಅವರು ಕಷ್ಟದಲ್ಲೇ ಇದ್ದೋರು. ತಂಜಾವೂರು ದೊರೆ ಹತ್ತಿರ ಹೋಗಿ ಅಂತ ಹೆಂಡತಿ ಹೇಳಿದಾಗ ‘ಹಿರಣ್ಮಯೀಂ ಲಕ್ಷ್ಮೀಂ’ ಹುಟ್ಟಿತು ಅಂತ ಹೇಳ್ತಾರೆ, ಅದರಲ್ಲಿ ‘ಹೀನಮಾನವಾಶ್ರಯಂ ತ್ಯಜಾಮಿ’ ಅಂತ ನೇರವಾಗೇ ಇದೆ. ಅಪರೂಪಕ್ಕೆ ಮನುಷ್ಯ ಬಾಯಿಬಿಟ್ಟು ಹೇಳಿದ ಸಾಲು. ಕೊನೆಗೆ ತಮ್ಮ ಬಾಲುಸ್ವಾಮಿ ಆಸ್ಥಾನ ವಿದ್ವಾಂಸರಾಗಿದ್ದ ಎಟ್ಟಯಪುರಕ್ಕೆ ಹೋದ್ರು, ಅಲ್ಲೇ 1835ರ ದೀಪಾವಳಿ ದಿನ ತೀರಿಕೊಂಡ್ರು. ಶಿಷ್ಯರು ‘ಮೀನಾಕ್ಷಿ ಮೇ ಮುದಂ’ ಹಾಡ್ತಿದ್ರಂತೆ, ಅನುಪಲ್ಲವಿಯ ‘ಮೀನಲೋಚನಿ ಪಾಶಮೋಚನಿ’ ಬಂದಾಗ ಮತ್ತೆ ಹಾಡಿ ಅಂದ್ರಂತೆ, ಪಾಶಮೋಚನಿ ಅಂದ್ರೆ ಕಟ್ಟು ಬಿಚ್ಚೋಳು, ಹಾಡ್ತಿದ್ದ ಹಾಗೇ ಹೋದ್ರು ಅಂತ. ಗೊತ್ತಾಯ್ತಲ್ಲ, ನಾನು ಮೂರು ವಾರ ಬೈಕೊಂಡು ಕಲಿತ ಕೃತಿ ಅದೇ.

ಇವೆಲ್ಲ ನಮಗೆ ಸಿಕ್ಕಿದ್ದು ಬಾಲುಸ್ವಾಮಿಯವರ ಮೊಮ್ಮಗ, ಅವರೇ ದತ್ತು ತಗೊಂಡ ಸುಬ್ಬರಾಮ ದೀಕ್ಷಿತರಿಂದ. 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಂತ ತೆಲುಗು ಲಿಪಿಯಲ್ಲಿ ದೊಡ್ಡ ಗ್ರಂಥ ತಂದ್ರು, ದೀಕ್ಷಿತರ ಇನ್ನೂರಕ್ಕೂ ಮಿಕ್ಕಿ ಕೃತಿಗಳು ಸ್ವರ ಸಮೇತ, ಪ್ರತಿ ಗಮಕಕ್ಕೂ ಬೇರೆ ಬೇರೆ ಗುರುತು ಹಾಕಿ. ಕನ್ನಡ ಬಲ್ಲೋರು ಸ್ವಲ್ಪ ಒದ್ದಾಡಿದ್ರೆ ಆ ಲಿಪಿ ಓದಬಹುದು. ಓದಿದ್ರೆ ಒಂದು ಆಶ್ಚರ್ಯ ಆಗುತ್ತೆ, ನಾವೀಗ ಕಛೇರಿ ಶುರುವಲ್ಲಿ ಚಕಚಕ ಅಂತ ಹಾಡೋ ವಾತಾಪಿ, ಅದರಲ್ಲಿ ಒಂದರ ಮೇಲೊಂದು ಏರಿ ಬರೋ ಸಂಗತಿಗಳು, ಅಂದ್ರೆ ಒಂದೇ ಸಾಲನ್ನ ಬೇರೆ ಬೇರೆ ಥರ ಹಾಡೋದು, ಅವೆಲ್ಲ ಆಮೇಲಿನ ವಿದ್ವಾಂಸರು ಸೇರಿಸಿದ್ದು. ಚೆನ್ನಾಗಿವೆ, ನಾನೂ ನುಡಿಸ್ತೀನಿ, ಆದ್ರೆ ದೀಕ್ಷಿತರ ರುಚಿ ನೋಡೋಕೆ ಅದರಿಂದ ಶುರು ಮಾಡಬೇಡಿ.

ನಿಮಗೆ ನನ್ನ ಸಲಹೆ ಇಷ್ಟು. ಒಂದು ಸಂಜೆ ನಿಮ್ಮಿಷ್ಟದ ಯಾರದಾದ್ರೂ ಜೈಜೈವಂತಿ ವಿಲಂಬಿತ್ ಕೇಳಿ, ಅದು ಕಿವಿಯಲ್ಲಿ ಇರುವಾಗಲೇ ಅದಕ್ಕೆ ಹತ್ತಿರದ ಕರ್ನಾಟಕ ರಾಗ ದ್ವಿಜಾವಂತಿಯ ‘ಚೇತಃ ಶ್ರೀ ಬಾಲಕೃಷ್ಣಂ’ ಹಾಕಿ, ಸಾಧ್ಯ ಆದ್ರೆ ವೀಣೆಯಲ್ಲಿ. ಇನ್ನೊಂದು ದಿನ ಯಮನ್ ಆದ ಮೇಲೆ ಯಮುನಾಕಲ್ಯಾಣಿಯ ‘ಜಂಬೂಪತೇ’. ಇದು ತಿರುವಾನೈಕ್ಕಾವಲ್‌ದು, ಪಂಚಭೂತ ಲಿಂಗಗಳಲ್ಲಿ ನೀರಿನ ಲಿಂಗ, ಗರ್ಭಗುಡಿಯಲ್ಲಿ ನೀರು ಜಿನುಗ್ತಾ ಇರುತ್ತೆ. ‘ಅಂಬುಧಿ ಗಂಗಾ ಕಾವೇರಿ ಯಮುನಾ’ ಅಂತ ನೀರುಗಳ ಹೆಸರು ಸಾಲಾಗಿ ಬರುತ್ತೆ, ಆ ಯಮುನಾ ನದಿಯೂ ಹೌದು ರಾಗದ ಹೆಸರಿನ ಅರ್ಧವೂ ಹೌದು. ಪುಸ್ತಕ ಮುಚ್ಚಿಟ್ಟು ಕೇಳಿ, ಅರ್ಥ ಎರಡನೇ ಸಲಕ್ಕೆ ನೋಡಿದ್ರೆ ಆಯ್ತು.

ಮಗಳಿಗೆ, ಅವಳ ಟೀಚರ್ ಒಪ್ಪಿದ್ರೆ, ಮೊದಲು ಎರಡು ನೊಟ್ಟುಸ್ವರ ಕಲಿಸಲಿ, ಅದೇ ವಾರ ‘ಮೀನಾಕ್ಷಿ ಮೇ ಮುದಂ’ ಪಲ್ಲವಿಯ ಒಂದೇ ಆವರ್ತ, ಅಂದ್ರೆ ತಾಳದ ಒಂದೇ ಸುತ್ತು, ಕೂಡ. ಒಂದರಲ್ಲಿ ಗಮಕ ಇಲ್ವೇ ಇಲ್ಲ, ಇನ್ನೊಂದರಲ್ಲಿ ಗಮಕ ಬಿಟ್ಟು ಏನೂ ಇಲ್ಲ, ಎರಡೂ ಒಬ್ಬರೇ ಮಾಡಿದ್ದು. ಆ ಒಂದು ಆವರ್ತಕ್ಕೆ ಮೂರು ವಾರ ಆದ್ರೆ ಆಗಲಿ, ಟೀಚರನ್ನ ಬದಲಾಯಿಸೋಕೆ ಹೋಗಬೇಡಿ.